ಏಪ್ರಿಲ್ 25 ಕೆಟ್ಟ ದಿನವೇ? ಒಂದೇ ತಾರೀಕಿಗೆ ಬಂದು ಕೂತ ಘಟನೆಗಳ ಬಗ್ಗೆ

ಓದುಗರ ಪ್ರಶ್ನೆ: ನಾನು ಗೌರಿಬಿದನೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು 'ಇತಿಹಾಸದಲ್ಲಿ ಈ ದಿನ' ಓದುತ್ತಾರೆ. ಮೊಬೈಲಿಗೆ ಬರುವ ಪಟ್ಟಿಯನ್ನೇ ಬೋರ್ಡಿಗೆ ಇಳಿಸುತ್ತೇವೆ. ಈ ಸಲ ಇಡೀ ವರ್ಷದ ಗೋಡೆ ಕ್ಯಾಲೆಂಡರ್ ಮಾಡೋಣ ಅಂತ ಹೊರಟೆವು. ಏಪ್ರಿಲ್ 25ಕ್ಕೆ ನಮ್ಮ ವಿದುರಾಶ್ವತ್ಥದ ಗೋಲಿಬಾರ್ ಬರೆದೆವು, 1938ರಲ್ಲಿ ಮೈಸೂರು ಸಂಸ್ಥಾನದ ಪೊಲೀಸರು ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ್ದು. ಪಟ್ಟಿಯಲ್ಲಿ ಅದೇ ದಿನಕ್ಕೆ ಮೊದಲ ಮಹಾಯುದ್ಧದಲ್ಲಿ ಟರ್ಕಿಯ ತೀರದಲ್ಲಿ ನಡೆದ ಗ್ಯಾಲಿಪೊಲಿ ಯುದ್ಧ, ನೇಪಾಳದ ಭೂಕಂಪವೂ ಇದ್ದವು. ಹಿರಿಯ ಪೋಷಕರೊಬ್ಬರು ನೋಡಿ 'ಆ ತಾರೀಕಿಗೇ ದೋಷ ಇದೆ ಬಿಡಿ' ಅಂದರು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಹುಟ್ಟಿದ್ದು ಅದೇ ದಿನ. 'ಮಿಸ್, ನಾನು ಕೆಟ್ಟ ದಿನ ಹುಟ್ಟಿದ್ನಾ?' ಅಂತ ಮರುದಿನ ಬಂದು ಕೇಳಿದಳು. ಇನ್ನೊಂದು ತೊಂದರೆ: ಒಂದೇ ಘಟನೆಗೆ ಒಂದೊಂದು ಪಟ್ಟಿಯಲ್ಲಿ ಒಂದೊಂದು ತಾರೀಕು. ಯಾವುದು ಸರಿ ಅಂತ ಗೊತ್ತು ಮಾಡಿಕೊಳ್ಳೋದು ಹೇಗೆ? ಅಥವಾ ಈ ಕ್ಯಾಲೆಂಡರ್ ಸಹವಾಸವೇ ಬೇಡವೇ?

ಉತ್ತರ: ಮೇಡಂ, ಮೊದಲು ಆ ಹುಡುಗಿಯ ವಿಷಯ. ಅವಳಿಗೆ ನಾಳೆಯೇ ಹೇಳಿ, ಆ ದಿನಕ್ಕೆ ಯಾವ ದೋಷವೂ ಇಲ್ಲ. ಆದರೆ 'ಅದೆಲ್ಲ ಮೂಢನಂಬಿಕೆ, ಹೋಗು' ಅಂತ ಗದರಿ ಕಳಿಸಿದರೆ ಪ್ರಯೋಜನ ಇಲ್ಲ. ಮೂರು ದುರಂತಗಳನ್ನು ಒಂದೇ ಸಾಲಿನಲ್ಲಿ ಕಣ್ಣಾರೆ ಕಂಡ ಮಗು ಅದು. ಅವಳಿಗೆ ಅದು ಸಾಕ್ಷಿ. ಸಾಕ್ಷಿಗೆ ಎದುರು ಸಾಕ್ಷಿಯನ್ನೇ ಇಡಬೇಕು.

ಅದೇ ಏಪ್ರಿಲ್ 25ರಂದು, 1953ರಲ್ಲಿ, 'ನೇಚರ್' ಪತ್ರಿಕೆಯಲ್ಲಿ ಡಿಎನ್‌ಎ ರಚನೆಯ ಬಗ್ಗೆ ಮೂರು ಲೇಖನ ಒಟ್ಟಿಗೆ ಬಂದವು. ಒಂದು ವಾಟ್ಸನ್ ಮತ್ತು ಕ್ರಿಕ್ ಬರೆದದ್ದು, ಇನ್ನೊಂದು ವಿಲ್ಕಿನ್ಸ್ ತಂಡದ್ದು, ಮತ್ತೊಂದು ರೋಸಲಿಂಡ್ ಫ್ರಾಂಕ್ಲಿನ್ ಮತ್ತು ಗಾಸ್ಲಿಂಗ್ ಅವರದು. 1974ರಲ್ಲಿ ಪೋರ್ಚುಗಲ್‌ನಲ್ಲಿ ಬಹುಕಾಲದ ಸರ್ವಾಧಿಕಾರ ಬಿದ್ದದ್ದೂ ಏಪ್ರಿಲ್ 25ರಂದೇ. ಜನ ಸೈನಿಕರ ಬಂದೂಕಿನ ನಳಿಗೆಗೆ ಹೂ ಸಿಕ್ಕಿಸಿದರು. ಈಗ ಪಾಲಿಹೌಸಿನಲ್ಲಿ ಬೆಳೆಯುತ್ತಾರಲ್ಲ, ಅದೇ ಕಾರ್ನೇಷನ್ ಹೂ. ರಕ್ತ ಹರಿದದ್ದು ತೀರಾ ಕಡಿಮೆ. ಇಟಲಿಯಲ್ಲಿ ಏಪ್ರಿಲ್ 25 ವಿಮೋಚನೆಯ ದಿನ, ಸರ್ಕಾರಿ ರಜೆ. 1945ರ ಅದೇ ದಿನ ಜರ್ಮನಿಯ ಎಲ್ಬೆ ನದಿಯ ಬಳಿ ಅಮೆರಿಕದ ಸೈನಿಕರೂ ಸೋವಿಯತ್ ಸೈನಿಕರೂ ಎದುರಾಗಿ ಕೈಕುಲುಕಿದರು. ಹಿಟ್ಲರನ ಕಥೆ ಮುಗಿಯಿತು ಅಂತ ಜಗತ್ತಿಗೆ ಗೊತ್ತಾದ ಹೊತ್ತು ಅದು.

ಇನ್ನೂ ಒಂದಿದೆ, ನಮಗೆ ಹತ್ತಿರದ್ದು. ವಿಶ್ವಸಂಸ್ಥೆ ಕಟ್ಟುವ ಸಮ್ಮೇಳನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದದ್ದು 1945ರ ಏಪ್ರಿಲ್ 25ರಂದು. ಅಲ್ಲಿ ಭಾರತದ ನಿಯೋಗದ ಮುಂದಾಳು ಅರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಮರುವರ್ಷವೇ ಅವರು ಮೈಸೂರಿನ ದಿವಾನರಾಗಿ ಬಂದರು. 1947ರಲ್ಲಿ ಸಂಸ್ಥಾನದಲ್ಲಿ ಜನರ ಸರ್ಕಾರ ಬೇಕು, 'ಮೈಸೂರು ಚಲೋ' ಅಂತ ಜನ ಬೀದಿಗಿಳಿದಾಗ ದಿವಾನಗಿರಿಯಲ್ಲಿ ಇದ್ದವರು ಇವರೇ. ವಿದುರಾಶ್ವತ್ಥದಲ್ಲಿ ಗುಂಡು ಹಾರಿದ ದಿನಕ್ಕೆ ಸರಿಯಾಗಿ ಏಳು ವರ್ಷ ಆಗಿದ್ದಾಗ ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೂತಿದ್ದರು. ಕಥೆ ಹೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ತಾರೀಕು ಈ ಎರಡನ್ನೂ ಜೋಡಿಸಿಲ್ಲ. ಜೋಡಿಸಿದ್ದು ಮೈಸೂರು ಸಂಸ್ಥಾನದ ರಾಜಕಾರಣ. ತಾರೀಕು ಆಕಸ್ಮಿಕ.

ನಿಮ್ಮ ಪಟ್ಟಿ ಮಾಡಿದವರು ಏನು ಮಾಡಿದ್ದಾರೆ ನೋಡಿ. ಯುದ್ಧ, ಸಾವು, ಭೂಕಂಪ ಆರಿಸಿದ್ದಾರೆ. ಹೂವು, ಡಿಎನ್‌ಎ, ಕೈಕುಲುಕಿದ್ದು ಬಿಟ್ಟಿದ್ದಾರೆ. ಬೇಕಂತಲೇ ಬಿಟ್ಟಿದ್ದು ಅಂತಲ್ಲ. ದುರಂತ ಬೇಗ ಕಣ್ಣಿಗೆ ಬೀಳುತ್ತೆ, ಜಾಸ್ತಿ ಜನಕ್ಕೆ ಫಾರ್ವರ್ಡ್ ಆಗುತ್ತೆ.

ಲೆಕ್ಕವನ್ನೂ ಮಕ್ಕಳಿಗೆ ತೋರಿಸಿ. ಫೆಬ್ರವರಿ 29 ಸೇರಿದರೆ ವರ್ಷಕ್ಕೆ 366 ತಾರೀಕು. ಇತಿಹಾಸದಿಂದ ಹತ್ತು ಸಾವಿರ ಘಟನೆ ಆರಿಸಿ ಹಂಚಿದರೆ ಸರಾಸರಿ ಒಂದೊಂದು ದಿನಕ್ಕೆ 27 ಬೀಳುತ್ತವೆ. ಒಂದೇ ದಿನ ಮೂರು ದುರಂತ ಸಿಕ್ಕಿದ್ದರಲ್ಲಿ ಆಶ್ಚರ್ಯ ಇಲ್ಲ. ಸಿಗದೇ ಹೋಗಿದ್ದರೆ ಆಶ್ಚರ್ಯ. ಗಣಿತದ ಮೇಷ್ಟ್ರನ್ನೂ ಕರೆಯಿರಿ. 23 ಜನರ ಗುಂಪಿನಲ್ಲಿ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. 40 ಮಕ್ಕಳ ತರಗತಿಯಲ್ಲಿ ಅದು ಶೇಕಡ 89. ತರಗತಿಯಲ್ಲೇ ಕೇಳಿ ನೋಡಬಹುದು.

ಕೇಳುವಾಗ ಒಂದು ಎಚ್ಚರಿಕೆ. ನಮ್ಮ ಕಡೆ ಹಳೇ ಕಾಲದವರಲ್ಲಿ ಎಷ್ಟು ಜನರ ಜನ್ಮದಿನ ಜೂನ್ 1 ಅಂತ ನಿಮಗೇ ಗೊತ್ತು! ಅಪ್ಪ ಮಗುವನ್ನು ಶಾಲೆಗೆ ಕರೆತರುತ್ತಿದ್ದರು. ಹುಟ್ಟಿದ್ದು ಯಾವಾಗ ಅಂದರೆ 'ರಾಗಿ ಕೊಯ್ಲಿನ ಹೊತ್ತಿಗೆ' ಅನ್ನೋ ಉತ್ತರ. ಹೆಡ್‌ಮೇಷ್ಟ್ರು ವಯಸ್ಸು ಅಂದಾಜು ಮಾಡಿ, ಶಾಲೆಗೆ ಸೇರಲು ಸರಿಹೋಗುವಂತೆ ಜೂನ್ 1 ಅಂತ ಬರೆದುಬಿಡುತ್ತಿದ್ದರು. ಅವರೆಲ್ಲರ ಜಾತಕ ಒಂದೇ ಅಂತ ಯಾರೂ ಹೇಳೋದಿಲ್ಲ. ಕೆಲವು ತಾರೀಕಿನ ಮೇಲೆ ಘಟನೆಗಳು ಗುಂಪುಗೂಡಲು ಇಂಥ ಕಾರಣವೂ ಇರುತ್ತೆ. ಯಾರೋ ಒಬ್ಬರು ಕೂತು ಬರೆದಿರುತ್ತಾರೆ.

ಇಲ್ಲಿಗೆ ನಿಜವಾದ ವಿಷಯಕ್ಕೆ ಬಂದೆವು. ಒಂದು ತಾರೀಕಿನ ಮುಂದೆ ನಾಲ್ಕು ಘಟನೆ ಕಂಡರೆ, ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಿ: ಇದು ಆ ದಿನವೇ ಯಾಕೆ ನಡೆಯಿತು?

ಏಪ್ರಿಲ್ 25ಕ್ಕೇ ಹಾಕಿ ನೋಡೋಣ. 1915ರಲ್ಲಿ ಗ್ಯಾಲಿಪೊಲಿಯಲ್ಲಿ ಸೈನ್ಯ ಇಳಿಸಬೇಕಿದ್ದದ್ದು 23ರಂದು. ಹವಾಮಾನ ಕೆಟ್ಟಿತು, ಎರಡು ದಿನ ಮುಂದಕ್ಕೆ ಹೋಯಿತು. 2015ರ ನೇಪಾಳದ ಭೂಕಂಪ 7.8ರ ತೀವ್ರತೆಯದ್ದು, ಸುಮಾರು ಒಂಬತ್ತು ಸಾವಿರ ಜನ ಸತ್ತರು. ಭಾರತದ ಭೂಫಲಕ ಹಿಮಾಲಯದ ಕೆಳಗೆ ನುಗ್ಗುತ್ತಲೇ ಇದೆ. ಬಹಳ ಕಾಲದಿಂದ ಸೇರಿಕೊಂಡಿದ್ದ ಒತ್ತಡ ಆ ದಿನ ಸಡಿಲವಾಯಿತು. ಹಿಂದಿನ ವಾರ ಆಗಿದ್ದರೂ ಆಗಬಹುದಿತ್ತು.

ವಿದುರಾಶ್ವತ್ಥದ ಕಥೆ ಬೇರೆ. ಅಲ್ಲಿ ತಾರೀಕಿನ ಹಿಂದೆ ಮನುಷ್ಯರ ತೀರ್ಮಾನಗಳ ಸಾಲು ಇದೆ. 1938ರ ಏಪ್ರಿಲ್ 11ಕ್ಕೆ ಮದ್ದೂರಿನ ಬಳಿಯ ಶಿವಪುರದಲ್ಲಿ ಕಾಂಗ್ರೆಸ್ಸಿನವರು ನಿಷೇಧ ಮುರಿದು ಬಾವುಟ ಹಾರಿಸಿದರು. ಆ ಗಾಳಿ ಸಂಸ್ಥಾನದ ಮೂಲೆ ಮೂಲೆಗೂ ಬೀಸಿತು. ಎರಡು ವಾರದಲ್ಲಿ ವಿದುರಾಶ್ವತ್ಥದಲ್ಲೂ ಜನ ಸೇರಿದರು, ಅಲ್ಲೂ ನಿಷೇಧಾಜ್ಞೆ ಇತ್ತು. 25ರ ಸೋಮವಾರ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಲೆಕ್ಕದಲ್ಲಿ ಸರ್ಕಾರದ ಮಾತೇ ಬೇರೆ, ಜನರ ಮಾತೇ ಬೇರೆ. ಹತ್ತರ ಆಸುಪಾಸಿನಿಂದ ಮೂವತ್ತೈದರವರೆಗೆ ಸಂಖ್ಯೆಗಳಿವೆ. ಆಮೇಲೆ ವಲ್ಲಭಭಾಯಿ ಪಟೇಲ್ ಮತ್ತು ಜೆ.ಬಿ. ಕೃಪಲಾನಿ ಮೈಸೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದವಾಯಿತು.

ಅಂದರೆ ವಿದುರಾಶ್ವತ್ಥಕ್ಕೆ ನಂಟು ಇರೋದು ಏಪ್ರಿಲ್ 11ರ ಶಿವಪುರದ ಜೊತೆ. ಅದೇ ಸಾಲಿನಲ್ಲಿ ಕೂತಿರುವ ಗ್ಯಾಲಿಪೊಲಿ ಜೊತೆ ಅಲ್ಲ. 'ಈ ದಿನ' ಪಟ್ಟಿಯ ದೊಡ್ಡ ಕೊರತೆ ಇದೇ. ಸಂಬಂಧ ಇಲ್ಲದ್ದನ್ನು ಪಕ್ಕಪಕ್ಕ ಕೂರಿಸುತ್ತೆ, ಸಂಬಂಧ ಇರೋದನ್ನು ಹದಿನಾಲ್ಕು ಪುಟ ದೂರ ಇಡುತ್ತೆ.

ನಿಮ್ಮ ಜಿಲ್ಲೆಯಲ್ಲೇ ಇನ್ನೊಂದು ಸೊಗಸಾದ ಉದಾಹರಣೆ ಇದೆ. ಮಕ್ಕಳಿಗೆ ಇದನ್ನು ಹೇಳಲೇಬೇಕು. 1781ರ ಅಕ್ಟೋಬರ್ 19ರಂದು ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಜಾರ್ಜ್ ವಾಷಿಂಗ್ಟನ್ನಿಗೆ ಶರಣಾದ. ಮೈಗೆ ಹುಷಾರಿಲ್ಲ ಅಂತ ಹೇಳಿ ತಾನು ಬರಲಿಲ್ಲ, ಕತ್ತಿ ಒಪ್ಪಿಸಲು ಓ'ಹಾರಾ ಎಂಬ ಅಧಿಕಾರಿಯನ್ನು ಕಳಿಸಿದ. ಅಮೆರಿಕ ಬ್ರಿಟಿಷರ ಕೈತಪ್ಪಿತು. ಅದೇ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದ. ಟಿಪ್ಪು ವಿರುದ್ಧದ ಮೂರನೇ ಮೈಸೂರು ಯುದ್ಧದಲ್ಲಿ ಅವನ ಸೈನ್ಯ ನಂದಿದುರ್ಗಕ್ಕೆ ಮುತ್ತಿಗೆ ಹಾಕಿತು. ಆ ಬೆಟ್ಟದ ಕಡಿದಾದ ಮೈ ನೀವು ನೋಡಿದ್ದೀರಿ. ಅದರ ಮೇಲೆ ಫಿರಂಗಿ ಎಳೆದು ತಂದು, ಗೋಡೆ ಒಡೆದು, ರಾತ್ರಿ ಹೊತ್ತು ಮೆಡೋಸ್ ಎಂಬ ಜನರಲ್ ಮುಂದೆ ನಿಂತು ನುಗ್ಗಿಸಿದ. ಕೋಟೆ ಬಿದ್ದದ್ದು 1791ರ ಅಕ್ಟೋಬರ್ 19ರಂದು. ಯಾರ್ಕ್‌ಟೌನ್ ಆಗಿ ಸರಿಯಾಗಿ ಹತ್ತು ವರ್ಷ!

ಬೇಕೆಂದೇ ಆ ದಿನ ಆರಿಸಿದನೇ? ಹಾಗೆ ಅಂದುಕೊಳ್ಳಲು ಆಸೆ ಆಗುತ್ತೆ. ಆದರೆ ಮುತ್ತಿಗೆ ಶುರುವಾಗಿ ಮೂರು ವಾರ ದಾಟಿತ್ತು, ನುಗ್ಗುವ ದಿನವನ್ನು ತೀರ್ಮಾನಿಸಿದ್ದು ಗೋಡೆಯಲ್ಲಿ ಬಿದ್ದ ಬಿರುಕು. ಕೃಷ್ಣಪಕ್ಷದ ರಾತ್ರಿ ಬೇರೆ, ಚಂದ್ರ ಮೂಡುವಾಗ ನಡುರಾತ್ರಿ. ಆಕಸ್ಮಿಕವೇ. ಹಾಗಂತ ಈ ಎರಡು ಘಟನೆಗೆ ನಂಟೇ ಇಲ್ಲ ಅಂತಲ್ಲ. ಎರಡರಲ್ಲೂ ಅದೇ ಕಾರ್ನ್‌ವಾಲಿಸ್ ಇದ್ದಾನೆ, ಎರಡರ ಹಿಂದೆಯೂ ಬ್ರಿಟಿಷ್ ಮತ್ತು ಫ್ರೆಂಚರ ಜಗಳ ಇದೆ. ಅಮೆರಿಕನ್ನರ ಬೆನ್ನಿಗೆ ನಿಂತ ಫ್ರೆಂಚರೇ ಹೈದರ್ ಕಡೆಗೂ ಇದ್ದರು. ಕೋಲಾರದ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ ಮತ್ತು ವಾಷಿಂಗ್ಟನ್ ಒಂದೇ ಕಾಲದಲ್ಲಿ ಒಂದೇ ಶತ್ರುವಿನ ಜೊತೆ ಕಾದಾಡುತ್ತಿದ್ದರು. ಇಷ್ಟು ಹೇಳಿದರೆ ಅಕ್ಟೋಬರ್ 19ರ ಎರಡು ಸಾಲು ಒಂದು ಒಳ್ಳೇ ಪಾಠವೇ ಆಗುತ್ತೆ.

ಇನ್ನು ಕೆಲವು ತಾರೀಕುಗಳು ಆಕಸ್ಮಿಕ ಅಲ್ಲವೇ ಅಲ್ಲ. ಸಂವಿಧಾನ ಅಂಗೀಕಾರ ಆದದ್ದು 1949ರ ನವೆಂಬರ್ 26ಕ್ಕೆ. ಪೂರ್ತಿ ಜಾರಿಗೆ ತರಲು ಎರಡು ತಿಂಗಳು ಕಾದರು. ಯಾಕೆ? 1930ರ ಜನವರಿ 26ರಂದು ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ತೆಗೆದುಕೊಂಡಿದ್ದರು, ಆ ದಿನಕ್ಕೆ ಮರ್ಯಾದೆ ಸಿಗಲಿ ಅಂತ. ಹಾಗಾದರೆ 1930ರಲ್ಲಿ 26 ಯಾಕೆ? ಅದು ಜನವರಿಯ ಕೊನೆಯ ಭಾನುವಾರ. ಅಷ್ಟೇ! ಆಗಸ್ಟ್ 15 ಮೌಂಟ್‌ಬ್ಯಾಟನ್ ಆರಿಸಿದ್ದು, ಜಪಾನ್ ಶರಣಾಗತಿಯ ಎರಡನೇ ವರ್ಷದ ನೆನಪಿಗೆ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26, ಜಯಂತಿ ಆಚರಿಸೋದು ಆಗಸ್ಟ್ 15. ಇದು ಪ್ರತಿ ವರ್ಷ ಎಲ್ಲರ ಮೊಬೈಲಿಗೂ ಬರುತ್ತೆ. ಹೆಮ್ಮೆಪಡಲು ಅಡ್ಡಿ ಇಲ್ಲ. ಆದರೆ 'ಅದಕ್ಕೇ ಆ ದಿನಗಳನ್ನು ಆರಿಸಿದರು' ಅಂತ ಯಾರಾದರೂ ಬರೆದರೆ ತಿದ್ದಿ.

ಸರ್ಕಾರಿ ಕಡತದ ತಾರೀಕುಗಳದ್ದೇ ಇನ್ನೊಂದು ಜಾತಿ. ನವೆಂಬರ್ 1ಕ್ಕೆ ಕರ್ನಾಟಕ ಮಾತ್ರ ಅಲ್ಲ, ಕೇರಳ, ಆಂಧ್ರಪ್ರದೇಶ, ಮಧ್ಯಪ್ರದೇಶವೂ ಹುಟ್ಟಿದವು, ಎಲ್ಲ 1956ರಲ್ಲಿ ಒಂದೇ ಕಾನೂನಿನಡಿ. 1966ರಲ್ಲಿ ಹರಿಯಾಣ, 2000ದಲ್ಲಿ ಛತ್ತೀಸಗಡ, ಅವಕ್ಕೂ ಅದೇ ದಿನ. ತಿಂಗಳ ಮೊದಲ ದಿನ ಲೆಕ್ಕಪತ್ರಕ್ಕೆ ಅನುಕೂಲ. ಏಪ್ರಿಲ್ 1ರ ಕಥೆಯೂ ಅದೇ. ರಿಸರ್ವ್ ಬ್ಯಾಂಕ್ 1935, ಒಡಿಶಾ ಪ್ರಾಂತ್ಯ 1936, ಶಿಕ್ಷಣ ಹಕ್ಕು ಕಾಯ್ದೆ ಜಾರಿ 2010. ನಮ್ಮ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಹುಟ್ಟಿದ್ದೂ 1907ರ ಏಪ್ರಿಲ್ 1ರಂದೇ. ಆದರೆ ಅದಕ್ಕೂ ಹಣಕಾಸು ವರ್ಷಕ್ಕೂ ಏನು ಸಂಬಂಧ?

ಈಗ ನಿಮ್ಮ ಎರಡನೇ ಪ್ರಶ್ನೆ: ಒಂದೇ ಘಟನೆಗೆ ಎರಡು ತಾರೀಕು. ಶಾಸನಗಳ ಕಾಲ ಲೆಕ್ಕ ಹಾಕುತ್ತಾ ಬಂದವನಿಗೆ ಇದು ದಿನಾ ಎದುರಾಗುವ ಸಂಗತಿ. ಎರಡರಲ್ಲಿ ಒಂದು ತಪ್ಪು ಅಂತಲೇ ಹೊರಡಬೇಡಿ. ಎರಡೂ ಸರಿ ಇರಬಹುದು.

ಮೊದಲ ಕಾರಣ, ಕ್ಯಾಲೆಂಡರ್ ಬದಲಾದದ್ದು. ಈಗ ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರ್ 1582ರಲ್ಲಿ ಬಂತು. ಕ್ಯಾಥೊಲಿಕ್ ದೇಶಗಳು ಬೇಗ ಒಪ್ಪಿದವು. ಇಂಗ್ಲೆಂಡು ಒಪ್ಪಿದ್ದು 1752ರಲ್ಲಿ. ಅಲ್ಲಿ ಆ ವರ್ಷ ಸೆಪ್ಟೆಂಬರ್ 2 ಆದ ಮರುದಿನವೇ 14. ರಷ್ಯಾ 1918ರವರೆಗೂ ಹಳೆಯದನ್ನೇ ಇಟ್ಟುಕೊಂಡಿತ್ತು. ಅದಕ್ಕೇ ಷೇಕ್ಸ್‌ಪಿಯರ್ ಮತ್ತು ಸ್ಪೇನಿನ ಸರ್ವಾಂಟಿಸ್ ಇಬ್ಬರೂ 1616ರ ಏಪ್ರಿಲ್ 23ರಂದು ತೀರಿಕೊಂಡರು ಅಂತ ಬರೆಯುತ್ತಾರೆ. ಇಬ್ಬರ ಸಾವಿಗೂ ನಡುವೆ ಕನಿಷ್ಠ ಹತ್ತು ದಿನದ ಅಂತರ ಇದೆ! ತಾರೀಕು ಒಂದೇ, ದಿನ ಬೇರೆ.

ಕೋಲಾರದ್ದೊಂದು ಉದಾಹರಣೆ. ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾಗಿ ಅಧಿಕಾರಕ್ಕೆ ಬಂದದ್ದು 1947ರ ಅಕ್ಟೋಬರ್ 25. ರಷ್ಯಾದಲ್ಲಿ ಲೆನಿನ್ ಪಕ್ಷ ಅಧಿಕಾರ ಹಿಡಿದದ್ದೂ ಅಕ್ಟೋಬರ್ 25, 1917ರಲ್ಲಿ. ಪಕ್ಕಪಕ್ಕ ಬರೆಯೋಣ ಅಂತ ಕೈ ತುರಿಸುತ್ತೆ. ಆದರೆ ರಷ್ಯಾದ್ದು ಹಳೇ ಲೆಕ್ಕ. ಈಗಿನ ಲೆಕ್ಕದಲ್ಲಿ ಅದು ನವೆಂಬರ್ 7.

ಜೂನ್ 6 ಇನ್ನೂ ಸ್ವಾರಸ್ಯ. ಮಾಲೂರು ತಾಲ್ಲೂಕಿನ ಮಾಸ್ತಿಯ ಹೆಸರು ಹೊತ್ತ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದ್ದು 1891ರ ಜೂನ್ 6, ತೀರಿಕೊಂಡದ್ದು 1986ರ ಜೂನ್ 6. 1944ರ ಅದೇ ದಿನ ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಇಳಿದವು. 5ರಂದೇ ಇಳಿಯಬೇಕಿತ್ತು, ಹವಾಮಾನ ಬಿಡಲಿಲ್ಲ. ಪಟ್ಟಿಯಲ್ಲಿ ಮೂರನೆಯದು ಶಿವಾಜಿಯ ಪಟ್ಟಾಭಿಷೇಕ, 1674. ಅಲ್ಲಿ ನಿಲ್ಲಿ. ಆ ಜೂನ್ 6 ಆಗಿನ ಇಂಗ್ಲಿಷರ ಹಳೇ ಕ್ಯಾಲೆಂಡರಿನದು, ಈಗಿನ ಲೆಕ್ಕಕ್ಕೆ ತಂದರೆ ಜೂನ್ 16. ಪಟ್ಟಾಭಿಷೇಕ ಆದದ್ದು ಜ್ಯೇಷ್ಠ ಶುದ್ಧ ತ್ರಯೋದಶಿ. ಚಂದ್ರನ ಲೆಕ್ಕ ಹಾಕಿ ನೋಡಿದರೂ ಆ ತಿಥಿ ಈಗಿನ ಲೆಕ್ಕದ 16ಕ್ಕೇ ಸರಿಹೋಗುತ್ತೆ.

ಎರಡನೇ ಕಾರಣ ತಿಥಿ. ನಮ್ಮ ಹಳೇ ದಾಖಲೆಗಳಲ್ಲಿ ಇಂಗ್ಲಿಷ್ ತಾರೀಕು ಇರೋದಿಲ್ಲ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಇರುತ್ತವೆ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಕೋಲಾರ ಸಂಪುಟ, ತುಮಕೂರು ಸಂಪುಟ ತೆಗೆದು ನೋಡಿ, ಪುಟಪುಟದಲ್ಲೂ ಇಂಥವೇ. ಅವನ್ನು ಈಗಿನ ತಾರೀಕಿಗೆ ತರುವಾಗ ನಮಗಿರುವ ಒಳ್ಳೇ ಪರೀಕ್ಷೆ ಅಂದರೆ ವಾರ. ತಿಥಿ ಲೆಕ್ಕ ಹಾಕಿದಾಗ ಸೋಮವಾರ ಬರಬೇಕು, ಬುಧವಾರ ಬಂತು ಅಂದರೆ ಎಲ್ಲೋ ಎಡವಟ್ಟಾಗಿದೆ. ಕೆತ್ತಿದವನೇ ಎಡವಿರಬಹುದು, ಓದಿದವರು ಎಡವಿರಬಹುದು, ಶಾಸನವೇ ಆಮೇಲೆ ಕೆತ್ತಿದ್ದಿರಬಹುದು. ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಪಂಚಾಂಗದ ದಿನ ಶುರುವಾಗೋದು ಸೂರ್ಯೋದಯಕ್ಕೆ, ಮಧ್ಯರಾತ್ರಿಗಲ್ಲ. ನಂದಿಯಲ್ಲಿ ಆದ ಹಾಗೆ ರಾತ್ರಿ ನಡೆದ ಘಟನೆ ಒಂದು ಪುಸ್ತಕದಲ್ಲಿ 18, ಇನ್ನೊಂದರಲ್ಲಿ 19 ಆಗೋದು ಹೀಗೆ.

ಮೂರನೆಯದು ಗಡಿಯಾರ. 1969ರಲ್ಲಿ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟಾಗ ಅಮೆರಿಕದಲ್ಲಿ ಜುಲೈ 20ರ ರಾತ್ರಿ, ಇಲ್ಲಿ 21ರ ಬೆಳಿಗ್ಗೆ ಎಂಟೂವರೆ ಹತ್ತಿರ. ಘಟನೆ ನಡೆದ ದೇಶದ ತಾರೀಕನ್ನೇ ಬರೆಯೋದು ರೂಢಿ. ಚಂದ್ರ ಯಾವ ದೇಶದ್ದು ಅಂತ ಮಕ್ಕಳು ಕೇಳಿದರೆ ನಿಮ್ಮ ಪಾಡು.

ನಾಲ್ಕನೆಯದು ನಾವೇ ಮಾಡಿಕೊಳ್ಳುವ ಗೊಂದಲ. ಘಟನೆ ಯಾವಾಗ 'ನಡೆಯಿತು' ಅಂತ ಲೆಕ್ಕ? ಫೆಬ್ರವರಿ 28 ತೆಗೆದುಕೊಳ್ಳಿ, ರಾಷ್ಟ್ರೀಯ ವಿಜ್ಞಾನ ದಿನ. 1928ರ ಆ ದಿನ ಸಿ.ವಿ. ರಾಮನ್ ಕಲ್ಕತ್ತದಲ್ಲಿ ರಾಮನ್ ಪರಿಣಾಮ ಕಂಡರು. ಪತ್ರಿಕೆಯವರಿಗೆ ಹೇಳಿದ್ದು ಮರುದಿನ, ಅಂದರೆ 29. ಬೆಂಗಳೂರಿಗೆ ಬಂದು ಉಪನ್ಯಾಸ ಕೊಟ್ಟದ್ದು ಮಾರ್ಚ್ 16ಕ್ಕೆ. ಯಾವುದನ್ನು ಬರೆಯೋದು? ಡಿಎನ್‌ಎ ಕಥೆಯೂ ಹಾಗೇ. ವಾಟ್ಸನ್ ಮತ್ತು ಕ್ರಿಕ್ ಕೇಂಬ್ರಿಜಿನಲ್ಲಿ ಆ ರಚನೆಯನ್ನು ಹಿಡಿದದ್ದು 1953ರ ಫೆಬ್ರವರಿ 28ರಂದು, ಅಚ್ಚಾದದ್ದು ಏಪ್ರಿಲ್ 25ಕ್ಕೆ. ಅದಕ್ಕೇ ಎರಡು ಪಟ್ಟಿಯಲ್ಲಿ ಎರಡು ಕಡೆ ಸಿಗುತ್ತೆ.

ಅದೇ ಫೆಬ್ರವರಿ 28ರಂದು, 2001ರಲ್ಲಿ, ಕೆಜಿಎಫ್ ಚಿನ್ನದ ಗಣಿ ಮುಚ್ಚಿತು. ಅಲ್ಲಿನ ಮನೆಗಳಲ್ಲಿ ಆ ದಿನವನ್ನು ವಿಜ್ಞಾನ ದಿನ ಅಂತ ಯಾರೂ ನೆನೆಯುವುದಿಲ್ಲ. ಆದರೆ ಇಲ್ಲೂ ಒಂದು ನಿಜವಾದ ಎಳೆ ಇದೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯೊಳಗೆ, ಎರಡು ಕಿಲೋಮೀಟರಿಗೂ ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಗುರುತು ಹಿಡಿದರು. ಅಷ್ಟು ಆಳದಲ್ಲಿ ಬೇರೆ ಕಣಗಳ ಗದ್ದಲ ಇರೋದಿಲ್ಲ ಅಂತ ಅಲ್ಲಿಗೆ ಇಳಿದದ್ದು. ನಾನಾದರೆ ಫೆಬ್ರವರಿ 28ಕ್ಕೆ ರಾಮನ್ ಮತ್ತು ಕೆಜಿಎಫ್ ಎರಡನ್ನೂ ಬರೆದು, ನಡುವೆ ನ್ಯೂಟ್ರಿನೊ ಕಥೆ ಸೇರಿಸುತ್ತೇನೆ.

ಐದನೆಯದು ಸುಮ್ನೆ ನಕಲಿನ ತಪ್ಪು. ಪತ್ರಿಕೆಯ ತಾರೀಕನ್ನೇ ಘಟನೆಯ ತಾರೀಕು ಅಂತ ಬರೆಯೋದು ಇದರಲ್ಲಿ ಸಾಮಾನ್ಯ. ಸೋಮವಾರದ ಗೋಲಿಬಾರ್ ಮಂಗಳವಾರವೋ ಬುಧವಾರವೋ ಅಚ್ಚಾಗುತ್ತೆ. ಆಗಿನ 'ತಾಯಿನಾಡು', 'ವಿಶ್ವಕರ್ನಾಟಕ'ದಂಥ ಪತ್ರಿಕೆ ನೋಡುವವರು ಇದನ್ನು ಮರೆಯಬಾರದು. ಹುಡುಕುವಾಗ ಕೋಲಾರ ಜಿಲ್ಲೆ ಅಂತಲೇ ಹುಡುಕಿ, ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ. ವರ್ಷವೇ ಬೇರೆಯಾಗೋದೂ ಉಂಟು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಹುಟ್ಟಿದ ಸೆಪ್ಟೆಂಬರ್ 15ರ ಬಗ್ಗೆ ತಕರಾರಿಲ್ಲ, ವರ್ಷ ಮಾತ್ರ ಕೆಲವರಲ್ಲಿ 1860, ಕೆಲವರಲ್ಲಿ 1861. ಅಂಚೆ ಇಲಾಖೆ ಅವರ ಅಂಚೆಚೀಟಿ ತಂದದ್ದು 1960ರಲ್ಲಿ.

ಹಾಗಾದರೆ ಕ್ಯಾಲೆಂಡರ್ ಏನು ಮಾಡೋದು? ಬಿಡಬೇಡಿ. ನಿಮ್ಮ ಮುಂದೆ ಕೆಲವು ದಾರಿಗಳಿವೆ, ಯಾವುದೂ ಸಲೀಸಲ್ಲ.

ಮೊಬೈಲ್ ಪಟ್ಟಿ ಇಳಿಸೋದು ಸುಲಭ. ಆದರೆ ಗೋಡೆಯ ಮೇಲೆ ಬರೆದದ್ದನ್ನು ಮಕ್ಕಳು ಪಠ್ಯಪುಸ್ತಕದಷ್ಟೇ ನಂಬುತ್ತಾರೆ. ಒಂದು ತಪ್ಪು ವರ್ಷಪೂರ್ತಿ ಅಲ್ಲೇ ಇರುತ್ತೆ. ಇದನ್ನು ನಾನು ಒಪ್ಪೋದಿಲ್ಲ.

ದಿನದ ಬದಲು ವಾರಕ್ಕೊಂದು ಬೋರ್ಡ್ ಮಾಡಬಹುದು, 'ಈ ವಾರ ಇತಿಹಾಸದಲ್ಲಿ' ಅಂತ. 18 ಅಥವಾ 19, 28 ಅಥವಾ 29 ಎಂಬ ಜಗಳ ಅಲ್ಲಿಗೇ ಮುಗಿಯುತ್ತೆ. ಹತ್ತು ದಿನದ ಕ್ಯಾಲೆಂಡರ್ ವ್ಯತ್ಯಾಸ ಮಾತ್ರ ಉಳಿಯುತ್ತೆ. ನಷ್ಟ ಏನಂದರೆ, 'ಇವತ್ತೇ!' ಅನ್ನುವ ಖುಷಿ ಹೋಗುತ್ತೆ. ಆ ಖುಷಿಗೇ ಮಕ್ಕಳು ಬೋರ್ಡ್ ನೋಡೋದು.

ಬರೀ ನಮ್ಮ ಸೀಮೆಯದ್ದೇ ಹಾಕೋಣ ಅಂತ ಕೆಲವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಬೇಗ ಜಯಂತಿಗಳ ಪಟ್ಟಿಯಾಗಿಬಿಡುತ್ತೆ. ಆಮೇಲೆ 'ನಮ್ಮವರ ಹೆಸರು ಯಾಕಿಲ್ಲ' ಅಂತ ಒಂದೊಂದು ಬೀದಿಯಿಂದಲೂ ಜನ ಬರುತ್ತಾರೆ. ಹೆಡ್‌ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂರಬೇಕು.

ನನ್ನ ಸಲಹೆ ಕೇಳಿದರೆ, 366 ತುಂಬಿಸುವ ಹಟ ಬಿಡಿ. ಮಕ್ಕಳೇ ಪರೀಕ್ಷಿಸಿ ನೋಡಿದ ಅರವತ್ತೋ ಎಪ್ಪತ್ತೋ ದಿನ ಸಾಕು. ಒಂದೊಂದು ದಿನಕ್ಕೂ ಒಂದು ಹತ್ತಿರದ ಘಟನೆ, ಒಂದು ದೂರದ್ದು. ಕೆಳಗೆ ಒಂದೇ ಸಾಲು: ಈ ಘಟನೆ ಈ ದಿನ ಯಾಕೆ? 'ಹವಾಮಾನ', 'ಬೇಕೆಂದೇ ಆರಿಸಿದ್ದು', 'ತಿಂಗಳ ಮೊದಲ ದಿನ', 'ಆಕಸ್ಮಿಕ' ಅಂತ ಬರೆದರೂ ಆದೀತು. ಪರೀಕ್ಷೆಗೆ ಮೂರು ಕೆಲಸ ಕೊಡಿ. ಒಂದು, ಬೇರೆ ಬೇರೆ ಕಡೆಯಿಂದ ಬಂದ ಎರಡು ಪುಸ್ತಕದಲ್ಲಿ ನೋಡೋದು. ಜಿಲ್ಲೆಯ ಬಗ್ಗೆ ಸರ್ಕಾರ ತರುವ ವಿವರಗಳ ಪುಸ್ತಕ, ಜಿಲ್ಲಾ ಗ್ಯಾಸೆಟಿಯರ್, ಒಳ್ಳೇ ಆರಂಭ. ಎರಡು, 1752ಕ್ಕಿಂತ ಹಿಂದಿನದಾದರೆ, ರಷ್ಯಾದ್ದಾದರೆ 1918ಕ್ಕಿಂತ ಹಿಂದಿನದಾದರೆ, ಯಾವ ಕ್ಯಾಲೆಂಡರ್ ಅಂತ ಕೇಳೋದು. ಮೂರು, ವಾರ ಹೊಂದಿಸೋದು. ಮೊಬೈಲ್ ಕ್ಯಾಲೆಂಡರನ್ನೇ ಹಿಂದಕ್ಕೆ ಸರಿಸಿ 1938ರ ಏಪ್ರಿಲ್‌ಗೆ ಹೋಗಲಿ, 25 ಸೋಮವಾರ ಬರುತ್ತೋ ಇಲ್ಲವೋ ನೋಡಲಿ. ಕೈಯಲ್ಲಿ ಮೊಬೈಲ್ ಹಿಡಿಯಲು ಮೇಷ್ಟ್ರೇ ಹೇಳಿದರೆ ಯಾವ ಮಗು ಬೇಡ ಅನ್ನುತ್ತೆ? ಅನುಮಾನ ಉಳಿದ ಕಡೆ ಪ್ರಶ್ನೆ ಚಿಹ್ನೆ ಹಾಕಿ. ಅದಕ್ಕೆ ನಾಚಿಕೆ ಬೇಡ.

ಇದರಲ್ಲೂ ಅಪಾಯ ಇಲ್ಲದಿಲ್ಲ. ಕೆಲಸ ನಿಧಾನ, ಅರ್ಧದಲ್ಲಿ ಮಕ್ಕಳ ಉತ್ಸಾಹ ಕುಗ್ಗಬಹುದು. ಪರೀಕ್ಷೆ ಹತ್ತಿರ ಬಂದಾಗ ಹತ್ತನೇ ತರಗತಿಯವರನ್ನು ಬಿಟ್ಟು ಎಂಟು, ಒಂಬತ್ತರವರಿಗೆ ವಹಿಸಿ.

ಏಪ್ರಿಲ್ 25 ಹೇಗೂ ಬೇಸಿಗೆ ರಜೆಯಲ್ಲಿ ಬರುತ್ತೆ, ಬೋರ್ಡ್ ಓದಲು ಶಾಲೆಯೇ ಇರೋದಿಲ್ಲ. ಆ ಪುಟವನ್ನು ರಜೆಗೆ ಮೊದಲೇ, ಶಿವಪುರದ ಏಪ್ರಿಲ್ 11ರ ಜೊತೆ ಸೇರಿಸಿ ಓದಿಸಿಬಿಡಿ. ಅದನ್ನು ಸಿದ್ಧ ಮಾಡುವ ಕೆಲಸವನ್ನು ಆ ಹುಡುಗಿಗೇ ಕೊಡಬಹುದು, ಆದರೆ ಅವಳನ್ನು ಕೇಳಿ ಕೊಡಿ. ಒಪ್ಪಿದರೆ ನಾಲ್ಕೈದು ಮಕ್ಕಳ ಜೊತೆ ವಿದುರಾಶ್ವತ್ಥದ ಸ್ಮಾರಕಕ್ಕೆ ಒಂದು ಬೆಳಿಗ್ಗೆ ಕರೆದೊಯ್ಯಿರಿ. ನೋಟ್‌ಬುಕ್ ತರಲು ಹೇಳಿ. ಅಲ್ಲಿ ಬರೆದಿರುವ ಹೆಸರುಗಳನ್ನೂ ಊರುಗಳನ್ನೂ ಅವರ ಕೈಯಲ್ಲೇ ಬರೆಸಿಕೊಳ್ಳಿ, ಫೋಟೊ ಹೊಡೆದು ಬರಬೇಡಿ. ಅವರಲ್ಲಿ ಯಾರ ಊರಾದರೂ ಆ ಸಾಲಿನಲ್ಲಿದ್ದರೆ, ಅಲ್ಲಿನ ಹಿರಿಯರನ್ನು ಹೋಗಿ ಮಾತಾಡಿಸಲಿ. ಏನಾದರೂ ಸಿಕ್ಕರೆ ನನಗೂ ಬರೆಯಿರಿ.